ಕಾರಿನ ಎಂಜಿನ್ ಆಯಿಲ್ ಕ್ಯಾಪ್: ನೋಡಿಕೊಳ್ಳುವುದು, ಬದಲಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರಸ್ತೆಗಳಲ್ಲಿ ಓಡುವ ಪೆಟ್ರೋಲ್, ಡೀಸೆಲ್, ಸಿಎನ್‌ಜಿ, ಹೈಬ್ರಿಡ್ ಕಾರುಗಳಿಗೆಲ್ಲ ಅನ್ವಯಿಸುವ ಮಾಹಿತಿ ಇಲ್ಲಿದೆ. ಎಂಜಿನ್‌ಗೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳವೇ ಆಯಿಲ್ ಕ್ಯಾಪ್. ಅದನ್ನು ತೆಗೆದು ನೋಡಲು ಪಾನಾ ಬೇಡ, ಜಾಕ್ ಬೇಡ, ಅರ್ಧ ನಿಮಿಷ ಸಾಕು. ಎಂಜಿನ್ ಬಿಚ್ಚದೆ ಅದರ ಒಳಗನ್ನು ಕಣ್ಣಾರೆ ನೋಡಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ. ಹಾಗಿದ್ದೂ ಇದನ್ನು ಪೂರ್ತಿ ಸರ್ವೀಸಿನವರಿಗೇ ಬಿಟ್ಟುಬಿಡುವವರೇ ಹೆಚ್ಚು.

ಆಯಿಲ್ ಕ್ಯಾಪ್ ಎಲ್ಲಿರುತ್ತದೆ? ಬೇರೆ ಮುಚ್ಚಳಗಳ ನಡುವೆ ಗುರುತಿಸುವುದು ಹೇಗೆ?

ಹೆಚ್ಚಿನ ಕಾರುಗಳಲ್ಲಿ ಎಂಜಿನ್‌ನ ನೆತ್ತಿಯ ಮೇಲೆ, ವಾಲ್ವ್‌ಗಳನ್ನು ಮುಚ್ಚುವ ಟ್ಯಾಪೆಟ್ ಕವರ್‌ನಲ್ಲಿ ಇರುತ್ತದೆ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಎಂಜಿನ್ ಆದರೆ ಕ್ಯಾಪ್‌ಗೆಂದೇ ಅದರಲ್ಲಿ ತೂತು ಬಿಟ್ಟಿರುತ್ತಾರೆ. ಕ್ಯಾಪ್ ಮೇಲೆ ಕೊಕ್ಕಿನ ಎಣ್ಣೆ ಡಬ್ಬಿಯ ಚಿತ್ರ ಅಚ್ಚಾಗಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಉರಿಯುವ ಆಯಿಲ್ ಪ್ರೆಶರ್ ದೀಪದ ಚಿತ್ರವೂ ಇದೇ. ಹೋಂಡಾ, ಟೊಯೋಟಾದ ಕೆಲವು ಎಂಜಿನ್‌ಗಳ ಕ್ಯಾಪ್ ಮೇಲೆ 0ಡಬ್ಲ್ಯೂ-20 ಎಂದು ಆಯಿಲ್ ಗ್ರೇಡನ್ನೂ ಬರೆದಿರುತ್ತಾರೆ. ಗ್ರೇಡ್ ಬರೆದ ಕ್ಯಾಪ್ ಒಡೆದು ಬೇರೆ ಹಾಕುವಾಗ ಹೊಸದರ ಮೇಲೂ ಅದೇ ಗ್ರೇಡ್ ಇದೆಯೇ ನೋಡಿ. ಮುಂದೆ ಯಾರೋ ಅದನ್ನು ಓದಿಕೊಂಡೇ ಆಯಿಲ್ ಸುರಿಯುತ್ತಾರೆ.

ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಮುಚ್ಚಳದ ಮೇಲೆ ಬಿಸಿಯ ಎಚ್ಚರಿಕೆ ಇರುತ್ತದೆ. ಎಂಜಿನ್ ಬಿಸಿ ಇರುವಾಗ ಅದನ್ನು ಮುಟ್ಟಲೇಬೇಡಿ. ಆಯಿಲ್ ಕ್ಯಾಪ್‌ನ ಹಿಂದೆ ಅಂಥ ಒತ್ತಡ ಇರುವುದಿಲ್ಲ, ಕೂಲೆಂಟ್ ಮುಚ್ಚಳದ ಹಿಂದೆ ಇರುತ್ತದೆ.

ಸುಮ್ಮನೆ ಒಂದು ಮುಚ್ಚಳ ತಾನೆ, ಅದಕ್ಕೇಕೆ ಇಷ್ಟು ಮಹತ್ವ?

ಧೂಳು, ನೀರು ಒಳಗೆ ಹೋಗದಂತೆ, ಆಯಿಲ್ ಹೊರಗೆ ಚಿಮ್ಮದಂತೆ ತಡೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಇದಕ್ಕಿಂತ ದೊಡ್ಡ ಕೆಲಸ ಒಂದಿದೆ. ಸಿಲಿಂಡರ್‌ನಲ್ಲಿ ಉರಿದ ಅನಿಲ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ, ಆಯಿಲ್ ನಿಲ್ಲುವ ಕೆಳಗಿನ ಚೇಂಬರ್‌ಗೆ ಇಳಿಯುತ್ತಲೇ ಇರುತ್ತದೆ. ಆ ಹೊಗೆಯನ್ನು ಪಿಸಿವಿ ಎಂಬ ವಾಲ್ವ್ ಮೂಲಕ ಮತ್ತೆ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿ) ಎಳೆದು ಸುಡುವ ವ್ಯವಸ್ಥೆ ಇಂದಿನ ಎಲ್ಲ ಕಾರುಗಳಲ್ಲೂ ಇದೆ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ (ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಈ ಎಳೆತದಿಂದಾಗಿ ಎಂಜಿನ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ತುಸು ಕಡಿಮೆ ಇರುತ್ತದೆ. ಆಯಿಲ್ ಕ್ಯಾಪ್ ಈ ಮುಚ್ಚಿದ ವ್ಯವಸ್ಥೆಯದೇ ಒಂದು ಭಾಗ. ಅದರ ರಬ್ಬರ್ ಸರಿಯಾಗಿ ಕೂರದಿದ್ದರೆ ಎಂಜಿನ್ ಲೆಕ್ಕಕ್ಕೆ ಸಿಗದ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಕ್ಯಾಪ್ ಸಡಿಲವಾಗಿದ್ದರೆ ಅಥವಾ ರಬ್ಬರ್ ಹೋಗಿದ್ದರೆ ಏನೇನು ಕಾಣಿಸುತ್ತದೆ?

ಮೊದಲು ಕಾಣುವುದು ಕ್ಯಾಪ್ ಸುತ್ತ ಎಣ್ಣೆ ಪಸೆ, ಅದಕ್ಕೆ ಅಂಟಿದ ಧೂಳು. ಆಮೇಲೆ ಸುಟ್ಟ ಎಣ್ಣೆಯ ವಾಸನೆ. ಟ್ಯಾಪೆಟ್ ಕವರ್ ಮೇಲಿಂದ ಇಳಿದ ಎಣ್ಣೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತಾಗಿ ಹೊಗೆಯಾಗುತ್ತದೆ, ಎಸಿ ಬ್ಲೋವರ್ ಆ ವಾಸನೆಯನ್ನು ಸೀದಾ ಕಾರಿನೊಳಗೆ ತರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ವಾಸನೆ ಬರುತ್ತಿದ್ದರೆ ಈ ಜಾಗವನ್ನು ಮೊದಲು ನೋಡಿ.

ಇನ್‌ಟೇಕ್ ಗಾಳಿಯನ್ನು ಸೆನ್ಸರ್‌ನಿಂದ ಅಳೆಯುವ ಪೆಟ್ರೋಲ್ ಎಂಜಿನ್‌ಗಳಲ್ಲಿ ಐಡ್ಲಿಂಗ್ ನಡುಗುವುದು, ಆರ್‌ಪಿಎಂ ಏರಿಳಿಯುವುದು, ಚೆಕ್ ಎಂಜಿನ್ ದೀಪ ಹತ್ತುವುದು ಉಂಟು. ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ಕೋಡ್ ಬರಬಹುದು. ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು ಅದರ ಅರ್ಥ. ಈ ಕೋಡ್ ಬಂದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಲು ಹಣ ಕೊಡಬೇಡಿ. ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿ) ರಬ್ಬರ್, ಪಿಸಿವಿ ಪೈಪ್ ಈ ಮೂರನ್ನೂ ಮೊದಲು ನೋಡಲು ಹೇಳಿ. ಡೀಸೆಲ್ ಕಾರುಗಳಲ್ಲಿ ಐಡ್ಲಿಂಗ್ ಏರುಪೇರು ಅಪರೂಪ, ಎಣ್ಣೆ ಚಿಮ್ಮುವುದೇ ಹೆಚ್ಚು.

ಕ್ಯಾಪ್ ತೆಗೆದರೆ ಒಳಗೆ ಹಾಲು ಕಾಫಿ ಬಣ್ಣದ ಜಿಡ್ಡು ಇದೆ. ಹೆಡ್ ಗ್ಯಾಸ್ಕೆಟ್ ಹೋಯಿತೇ?

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಇದೇ. ಸುಮ್ಮನೆ ಎಂಜಿನ್ ಬಿಚ್ಚಿಸಿ ಹಣ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್‌ನ ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್, ಅದು ಹೋದರೆ ಕೂಲೆಂಟ್ ಆಯಿಲ್‌ಗೆ ಸೇರಬಹುದು. ಕ್ಯಾಪ್‌ನ ಒಳಗೆ ಮಾತ್ರ ಜಿಡ್ಡು ಇದ್ದು ಬೇರೆ ಎಲ್ಲೂ ಇಲ್ಲದಿದ್ದರೆ ಅದು ಹೆಚ್ಚಾಗಿ ತೇವ ಅಷ್ಟೇ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್‌ನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ಮೂಲಕ ಹೊರಟುಹೋಗುತ್ತದೆ, ಸ್ವಲ್ಪ ರಿಂಗ್ ದಾಟಿ ಆಯಿಲ್ ಇರುವ ಕಡೆ ಬರುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಆ ತೇವ ಆವಿಯಾಗಿ ಪಿಸಿವಿ ಮೂಲಕ ಹೋಗುತ್ತದೆ. ಮನೆಯಿಂದ ಮೂರು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುವ ಕಾರಿನಲ್ಲಿ ಆಯಿಲ್ ಅಷ್ಟು ಬಿಸಿಯಾಗುವುದೇ ಇಲ್ಲ. ಎಂಜಿನ್‌ನ ತುದಿಯಲ್ಲಿ ಗಾಳಿಗೆ ಒಡ್ಡಿಕೊಂಡಿರುವ ಆಯಿಲ್ ಕ್ಯಾಪ್ ಉಳಿದ ಭಾಗಗಳಿಗಿಂತ ತಣ್ಣಗಿರುವುದರಿಂದ ಆವಿ ಅಲ್ಲೇ ಹನಿಗಟ್ಟಿ, ಎಣ್ಣೆಯೊಂದಿಗೆ ಕಡೆದು ಈ ಬಣ್ಣಕ್ಕೆ ಬರುತ್ತದೆ. ಮಡಿಕೇರಿ, ಆಗುಂಬೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹೆಚ್ಚು ಕಾಣುವುದು ಇದಕ್ಕೇ. ಸಿಎನ್‌ಜಿಯಲ್ಲಿ ಹೈಡ್ರೋಜನ್ ಪಾಲು ಹೆಚ್ಚಿರುವುದರಿಂದ ಹುಟ್ಟುವ ನೀರೂ ಹೆಚ್ಚು. ಸಿಎನ್‌ಜಿ ಕಾರಿನವರು ಇದನ್ನು ಇನ್ನೂ ಬೇಗ ನೋಡುತ್ತಾರೆ.

ಹೆಡ್ ಗ್ಯಾಸ್ಕೆಟ್ ಅನುಮಾನ ಬಗೆಹರಿಸಿಕೊಳ್ಳಲು ಹೀಗೆ ಮಾಡಿ. ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆಯಿರಿ. ಅದರ ತುದಿಯ ಆಯಿಲ್ ಕಂದು ಅಥವಾ ಕಪ್ಪು ಬಣ್ಣದಲ್ಲಿದ್ದು, ಹಾಲು ಬೆರೆತಂತೆ ಕಾಣದೆ, ಮಟ್ಟ ಏರಿರದಿದ್ದರೆ ಅದು ಒಳ್ಳೆಯ ಲಕ್ಷಣ. ಕೂಲೆಂಟ್ ಟ್ಯಾಂಕ್‌ನ ಮಟ್ಟವನ್ನು ಮಾರ್ಕರ್‌ನಿಂದ ಗುರುತು ಮಾಡಿ. ಕ್ಯಾಪ್ ಒರೆಸಿ ಹಾಕಿ, ಹೆದ್ದಾರಿಯಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಒಂದೇ ಸಮ ಓಡಿಸಿ. ಮರುದಿನ ಮತ್ತೆ ನೋಡಿ. ಜಿಡ್ಡು ಇಲ್ಲ ಅಥವಾ ತೀರ ಕಡಿಮೆ, ಕೂಲೆಂಟ್ ಗುರುತಿನಲ್ಲೇ ಇದೆ ಎಂದಾದರೆ ಎಂಜಿನ್‌ಗೆ ಏನೂ ಆಗಿಲ್ಲ.

ಡಿಪ್‌ಸ್ಟಿಕ್‌ನಲ್ಲೂ ಇದೇ ಜಿಡ್ಡು, ಕೂಲೆಂಟ್ ಇಳಿಯುತ್ತಿದೆ, ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ, ಕೂಲೆಂಟ್ ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಿದೆ – ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಕಾರು ಓಡಿಸಬೇಡಿ, ಟೋ ಮಾಡಿಸಿ. ನೀರು ಬೆರೆತ ಆಯಿಲ್‌ನಲ್ಲಿ ಬೇರಿಂಗ್‌ಗಳು ಬಹಳ ಬೇಗ ಸವೆಯುತ್ತವೆ.

ಜಿಡ್ಡು ಕಪ್ಪಗೆ, ಡಾಂಬರಿನ ಹಾಗೆ ಗಟ್ಟಿಯಾಗಿದ್ದರೆ?

ಅದು ಬೇರೆಯೇ ಕಥೆ. ಆಯಿಲ್ ಬದಲಿಸದೆ ಬಹಳ ದಿನ ಓಡಿಸಿದ್ದರ ಗುರುತು ಅದು. ಹಳೆ ಕಾರು ಕೊಳ್ಳುವಾಗ ಓಡೋಮೀಟರ್‌ಗಿಂತ ಇದನ್ನು ಹೆಚ್ಚು ನಂಬಬಹುದು: ಕ್ಯಾಪ್ ತೆಗೆದು ಟಾರ್ಚ್ ಬಿಡಿ, ಕೆಳಗೆ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ, ತಿರುಗುವ ದಂಡ) ಕಾಣುತ್ತಿದ್ದರೆ ಲೋಹ ಹೊಳೆಯಬೇಕು ಅಥವಾ ತಿಳಿ ಜೇನು ಬಣ್ಣವಿರಬೇಕು. ಕ್ಯಾಪ್ ಮಾತ್ರ ಹೊಚ್ಚ ಹೊಸದಾಗಿದ್ದು ಒಳಗೆಲ್ಲ ಕಪ್ಪಾಗಿದ್ದರೆ ಇನ್ನಷ್ಟು ಎಚ್ಚರವಾಗಿರಿ. ಗಟ್ಟಿ ಕಿಟ್ಟ ಕಟ್ಟಿದ ಎಂಜಿನ್‌ಗೆ ಫ್ಲಶ್ ಹಾಕಿ ಒಮ್ಮೆಲೇ ಕರಗಿಸಲು ಹೋದರೆ ಕಳಚಿದ ತುಣುಕುಗಳು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತವೆ. ಒಳ್ಳೆಯ ಆಯಿಲ್ ಹಾಕಿ, ಮೊದಲ ಎರಡು ಮೂರು ಬಾರಿ ಫಿಲ್ಟರ್ ಸಮೇತ ಬೇಗ ಬೇಗ ಬದಲಿಸುತ್ತಾ ನಿಧಾನವಾಗಿ ತೊಳೆಯುವುದೇ ಕ್ಷೇಮ.

ಸೋರಿಕೆ ಕ್ಯಾಪ್‌ನಿಂದಲೋ ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದಲೋ, ತಿಳಿಯುವುದು ಹೇಗೆ?

ಎಣ್ಣೆ ಯಾವಾಗಲೂ ಕೆಳಗೆ ಹರಿಯುತ್ತದೆ, ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ. ಕ್ಯಾಪ್ ಸುತ್ತ, ಕವರ್‌ನ ಅಂಚು ಪೂರ್ತಿ ಒರೆಸಿ ಒಣಗಿಸಿ, ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಪೌಡರ್ ಎಲ್ಲಿ ಮೊದಲು ಕಪ್ಪಾಗಿದೆಯೋ ಸೋರಿಕೆ ಅಲ್ಲಿ. ಸ್ಪಾರ್ಕ್ ಪ್ಲಗ್ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಅದು ಹೆಚ್ಚಾಗಿ ಟ್ಯಾಪೆಟ್ ಕವರ್‌ನ ಒಳ ಸೀಲ್‌ನದು, ಕ್ಯಾಪ್ ಬದಲಿಸಿ ಪ್ರಯೋಜನವಿಲ್ಲ. ಆಯಿಲ್ ಹಾಕುವಾಗ ಚೆಲ್ಲಿದ್ದನ್ನೇ ಸೋರಿಕೆ ಎಂದುಕೊಳ್ಳುವುದೂ ತುಂಬಾ ಸಾಮಾನ್ಯ. ಸರ್ವೀಸ್ ಆದ ಎರಡು ದಿನಕ್ಕೆ ಪಸೆ ಕಂಡರೆ ಮೊದಲು ಒರೆಸಿ, ಆಮೇಲೆ ಅನುಮಾನ ಪಡಿ.

ರಬ್ಬರ್ ಮಾತ್ರ ಬದಲಿಸಿದರೆ ಸಾಕೇ, ಪೂರ್ತಿ ಕ್ಯಾಪ್ ಬೇಕೇ?

ಕ್ಯಾಪ್‌ನ ಹಲ್ಲು ಅಥವಾ ಕಿವಿಗಳು (ಬಾಯಿಗೆ ಸಿಕ್ಕಿಕೊಳ್ಳುವ ಚಾಚುಗಳು) ಸವೆಯದೆ, ಎಲ್ಲೂ ಬಿರುಕಿಲ್ಲದೆ ಇದ್ದರೆ ರಬ್ಬರ್ ಸಾಕು. ರಬ್ಬರ್ ತೆಗೆದು ಅಡ್ಡಕ್ಕೆ ನೋಡಿ: ಹೊಸ ಓ-ರಿಂಗ್ ದುಂಡಗಿರುತ್ತದೆ, ಕೆಲಸ ಮುಗಿದದ್ದು ಒತ್ತಿದ ಕಡೆ ಚಪ್ಪಟೆಯಾಗಿರುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಮೂಡಿ ಮಾಯವಾಗಬೇಕು. ಬೆರಳುಗಳ ನಡುವೆ ಮಡಚಿದಾಗ ಹೊರ ಬದಿಯಲ್ಲಿ ಸಣ್ಣ ಬಿರುಕು ಕಂಡರೂ ಅದು ಮುಗಿದಂತೆಯೇ. ಕ್ಯಾಪ್ ಹಾಕುವಾಗ ಮೊದಲು ಇರುತ್ತಿದ್ದ ಬಿಗಿ ಈಗಿಲ್ಲ, ಬೆರಳ ತುದಿಯಿಂದ ಸುಲಭವಾಗಿ ತಿರುಗುತ್ತದೆ ಎಂದರೂ ಅದೇ ಸೂಚನೆ.

ಬಿಡಿ ಓ-ರಿಂಗ್ ತರುವುದಾದರೆ ಹಳೆಯದನ್ನು ಜೊತೆಗೆ ಒಯ್ಯಿರಿ, ಆದರೆ ಅದು ಚಪ್ಪಟೆಯಾಗಿರುವುದರಿಂದ ದಪ್ಪವನ್ನು ಅದರಲ್ಲೇ ಅಳೆಯಬೇಡಿ. ಕ್ಯಾಪ್‌ನಲ್ಲಿ ರಬ್ಬರ್ ಕೂರುವ ತೋಡನ್ನು ವರ್ನಿಯರ್‌ನಿಂದ ಅಳೆದು, ಓ-ರಿಂಗ್ ಅದರಿಂದ ಸ್ವಲ್ಪ ಹೊರಗೆ ಉಬ್ಬಿರುವಂಥದ್ದನ್ನು ಆರಿಸಿ. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಸಾಕು, ಟರ್ಬೊ ಎಂಜಿನ್‌ಗಳಿಗೆ ವಿಟಾನ್ ಮೇಲು, ಅದು 200 ಡಿಗ್ರಿಯವರೆಗೆ ತಡೆಯುತ್ತದೆ. ಇಪಿಡಿಎಂ ರಬ್ಬರ್ ನೀರಿಗೆ, ಬ್ರೇಕ್ ಆಯಿಲ್‌ಗೆ ಒಳ್ಳೆಯದು, ಎಂಜಿನ್ ಆಯಿಲ್ ತಾಗಿದರೆ ಊದಿಕೊಂಡು ತೋಡಿನಿಂದ ಹೊರಗೆ ಬರುತ್ತದೆ. ನಲ್ಲಿ ಸಾಮಾನಿನ ಅಂಗಡಿಯ ವಾಷರ್ ಹಾಕಬೇಡಿ ಎನ್ನುವುದು ಇದಕ್ಕೇ.

ರಬ್ಬರ್ ಬದಲು ಅನಬಾಂಡ್ ಅಥವಾ ಬೇರೆ ಸಿಲಿಕೋನ್ ಪೇಸ್ಟ್ ಹಚ್ಚಬಹುದೇ?

ಬೇಡವೇ ಬೇಡ. ಕ್ಯಾಪ್ ಪದೇ ಪದೇ ತೆಗೆಯುವ ಭಾಗ. ತೆಗೆದಾಗಲೆಲ್ಲ ಒಣಗಿದ ಪೇಸ್ಟ್ ಚೂರುಚೂರಾಗಿ ಕಿತ್ತು ಒಳಗೆ ಬೀಳುತ್ತದೆ, ಆಯಿಲ್ ಜೊತೆ ಚೇಂಬರ್‌ಗೆ ಇಳಿದು ಪಂಪಿನ ಜಾಲರಿಯನ್ನು ಕಟ್ಟುತ್ತದೆ. ಎಂ-ಸೀಲ್, ಟೆಫ್ಲಾನ್ ಟೇಪ್‌ಗೂ ಇದೇ ಮಾತು.

ಹೊಸ ಕ್ಯಾಪ್ ಕೊಳ್ಳುವಾಗ ಏನು ನೋಡಬೇಕು?

ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರ್ ಕೊಟ್ಟರೆ ಕಂಪನಿಯ ಬಿಡಿಭಾಗದ ಕೌಂಟರ್‌ನಲ್ಲಿ ನಿಮ್ಮ ಕಾರಿಗೆ ಸರಿಹೊಂದುವ ಪಾರ್ಟ್ ನಂಬರ್ ಹೇಳುತ್ತಾರೆ. ಆ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಕೇಳಿ. ಕಾರಿನ ಹೆಸರು, ಇಸವಿ ಮಾತ್ರ ಹೇಳಿ ತರುವುದು ಸಾಲದು. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್‌ಗೆ ಒಂದು, ಡೀಸೆಲ್‌ಗೆ ಇನ್ನೊಂದು ಕ್ಯಾಪ್ ಇರುತ್ತದೆ. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲೂ ಟಾಟಾ ಇಂಡಿಕಾ ವಿಸ್ಟಾದಲ್ಲೂ ಬಂದಿತ್ತು. ಹೀಗೆ ಹಂಚಿಕೊಂಡ ಎಂಜಿನ್‌ಗಳಲ್ಲೂ ನಂಬರ್ ತಾಳೆ ಹಾಕದೆ ಕೊಳ್ಳಬೇಡಿ.

ಅಂಗಡಿಯಲ್ಲೇ ಹಳೆಯದರ ಪಕ್ಕ ಇಟ್ಟು ನೋಡಿ: ಕಿವಿಗಳ ಸಂಖ್ಯೆ, ಅವುಗಳ ದಪ್ಪ, ರಬ್ಬರ್‌ನಿಂದ ಕಿವಿಗಿರುವ ಅಂತರ. ಈ ಅಂತರ ಒಂದು ಮಿಲಿಮೀಟರ್ ಹೆಚ್ಚಿದ್ದರೂ ಕ್ಯಾಪ್ ಕೂತಂತೆ ಕಾಣುತ್ತದೆ, ರಬ್ಬರ್ ಮಾತ್ರ ಒತ್ತಿಕೊಳ್ಳುವುದಿಲ್ಲ. ಡ್ಯೂಪ್ಲಿಕೇಟ್ ಮಾಲಿನಲ್ಲಿ ಸಾಮಾನ್ಯವಾಗಿ ತಪ್ಪುವುದು ಇದೇ.

ಬದಲಿಸುವ ಕ್ರಮ ಹೇಳಿ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೀ ತೆಗೆದಿಡಿ. ಕೈಗೆ ಉಗುರು ಬೆಚ್ಚಗಾಗುವಷ್ಟು ತಣಿಯಲು ಬಿಡಿ.

ಕ್ಯಾಪ್ ತೆಗೆಯುವ ಮೊದಲೇ ಅದರ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ. ಬಳ್ಳಾರಿ, ಹೊಸಪೇಟೆ ಕಡೆ ಓಡುವ ಕಾರುಗಳಲ್ಲಿ ಕ್ಯಾಪ್‌ನ ಬುಡದಲ್ಲಿ ಕೆಂಧೂಳು ಪದರಗಟ್ಟಿರುತ್ತದೆ, ಅದು ಒಳಗೆ ಬಿದ್ದರೆ ಆಯಿಲ್‌ನೊಳಗೆ ಉಜ್ಜು ಪುಡಿ ಹಾಕಿದ ಹಾಗೆ.

ಎಡಕ್ಕೆ ತಿರುಗಿಸಿ ತೆಗೆಯಿರಿ. ಕಿವಿಗಳಿರುವ ಮಾದರಿ ಕಾಲು ಸುತ್ತಿಗೆ ಬಿಡುತ್ತದೆ, ಮರೆ (ತಿರುಪಿನ ಥ್ರೆಡ್) ಇರುವುದಕ್ಕೆ ಎರಡು ಮೂರು ಸುತ್ತು ಬೇಕು. ಹಳೆ ರಬ್ಬರ್ ಕ್ಯಾಪ್‌ಗೇ ಅಂಟಿ ಬಂದಿದೆಯೇ, ಎಂಜಿನ್ ಬಾಯಿಗೆ ಅಂಟಿ ಉಳಿದಿದೆಯೇ ನೋಡಲು ಮರೆಯಬೇಡಿ. ಅದರ ಮೇಲೇ ಹೊಸ ಕ್ಯಾಪ್ ಹಾಕಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂತು, ಎಣ್ಣೆ ಮೊದಲಿಗಿಂತ ಜೋರಾಗಿ ಸೋರುತ್ತದೆ.

ಎಂಜಿನ್ ಬಾಯಿಯ ಅಂಚನ್ನು ನೂಲು ಬಿಡದ ಬಟ್ಟೆಯಿಂದ ಹೊರಮುಖವಾಗಿ ಒರೆಸಿ. ಗ್ಯಾರೇಜುಗಳ ಕಾಟನ್ ವೇಸ್ಟ್ ಇಲ್ಲಿಗೆ ಬೇಡ, ಅದರ ಎಳೆಗಳು ಒಳಗೆ ಬೀಳುತ್ತವೆ. ಅಂಚಿನಲ್ಲಿ ಗೀರು, ಬಿರುಕು ಇದೆಯೇ ಬೆರಳಾಡಿಸಿ ನೋಡಿ. ಹೊಸ ರಬ್ಬರ್‌ಗೆ ಒಂದು ಹನಿ ಹೊಸ ಎಂಜಿನ್ ಆಯಿಲ್ ಸವರಿ. ಒಣ ರಬ್ಬರ್ ತಿರುಗುವಾಗ ಮಡಚಿಕೊಳ್ಳುತ್ತದೆ. ಕ್ಯಾಪ್ ನೇರವಾಗಿ ಇಟ್ಟು ಬಲಕ್ಕೆ ತಿರುಗಿಸಿ, ತಡೆ ಸಿಕ್ಕಲ್ಲಿ ನಿಲ್ಲಿಸಿ. ಕೈ ಬಿಗಿ ಮಾತ್ರ, ಪಾನಾ ಹಾಕಬೇಡಿ.

ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿ. ಮೊದಲ ದೂರದ ಪ್ರಯಾಣದ ನಂತರ ಇನ್ನೊಮ್ಮೆ ನೋಡಿ.

ಕ್ಯಾಪ್ ತೊಳೆಯುವುದು ಹೇಗೆ?

ಎಂಜಿನ್‌ನಿಂದ ತೆಗೆದು, ರಬ್ಬರ್ ಬಿಡಿಸಿ, ಪ್ಲಾಸ್ಟಿಕ್ ಭಾಗವನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ರಬ್ಬರ್‌ಗೆ ಸೋಪು ನೀರು ಸಾಕು. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ತಾಗಿದರೆ ಅದು ಊದುತ್ತದೆ ಅಥವಾ ಬಿರಿಯುತ್ತದೆ. ತೊಳೆಯುವಷ್ಟು ಹೊತ್ತು ಎಂಜಿನ್ ಬಾಯಿಯನ್ನು ಶುದ್ಧ ಬಟ್ಟೆಯಿಂದ ಮೇಲಿನಿಂದ ಮುಚ್ಚಿ, ಒಳಗೆ ತುರುಕಬೇಡಿ. ವಾಟರ್ ವಾಷ್ ಮಾಡಿಸುವಾಗ ಕ್ಯಾಪ್‌ಗೆ ನೇರವಾಗಿ ಪ್ರೆಶರ್ ಪೈಪ್ ಹಿಡಿಯದಂತೆ ಹೇಳಿ.

ಕ್ಯಾಪ್ ಕಚ್ಚಿಕೊಂಡಿದೆ, ತಿರುಗುತ್ತಿಲ್ಲ.

ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ, ಇಲ್ಲವೇ ರಬ್ಬರ್ ಒಣಗಿ ಅಂಟಿದೆ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ ಆಫ್ ಮಾಡಿ, ರಬ್ಬರ್ ಸ್ವಲ್ಪ ಮೆತ್ತಗಾಗುತ್ತದೆ. ರಬ್ಬರ್ ಗ್ಲೌಸ್ ಹಾಕಿ ಕ್ಯಾಪನ್ನು ಕೆಳಕ್ಕೆ ಒತ್ತುತ್ತಾ ತಿರುಗಿಸಿ. ಆಗಲೂ ಬಾರದಿದ್ದರೆ ಆಯಿಲ್ ಫಿಲ್ಟರ್ ತೆಗೆಯುವ ಪಟ್ಟಿ ಪಾನಾ ಸುತ್ತಿ ನಿಧಾನವಾಗಿ ಎಳೆಯಿರಿ. ಪೈಪ್ ಪಾನಾ ಹಾಕಿದರೆ ಪ್ಲಾಸ್ಟಿಕ್ ಒಡೆಯುತ್ತದೆ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದರೆ ಟ್ಯಾಪೆಟ್ ಕವರ್ ಬಾಯಿಯೇ ಬಿರಿಯುತ್ತದೆ. ಕ್ಯಾಪ್‌ಗೆ ಕೆಲವು ನೂರು ರೂಪಾಯಿ, ಕವರ್‌ಗೆ ಸಾವಿರಾರು.

ಕ್ಯಾಪ್‌ನ ಚೂರು ಅಥವಾ ಬೇರೇನೋ ಒಳಗೆ ಬಿತ್ತು. ಏನು ಮಾಡಲಿ?

ಎಂಜಿನ್ ಸ್ಟಾರ್ಟ್ ಮಾಡಬೇಡಿ. ಟಾರ್ಚ್ ಬಿಟ್ಟು ನೋಡಿ, ಕಾಣುತ್ತಿದ್ದರೆ ಉದ್ದ ಚಿಮಟದಿಂದ ಎತ್ತಿ. ಕಾಣದಿದ್ದರೆ ಟ್ಯಾಪೆಟ್ ಕವರ್ ಬಿಚ್ಚಿಸುವುದೇ ಸರಿ. ಟೈಮಿಂಗ್ ಚೈನ್ ಈ ಬಾಯಿಯ ಹತ್ತಿರವೇ ಇರುವ ಎಂಜಿನ್‌ಗಳಲ್ಲಿ ಸಣ್ಣ ಗಟ್ಟಿ ಚೂರೂ ದೊಡ್ಡ ಅನಾಹುತ ಮಾಡಬಲ್ಲದು. ಹೆಚ್ಚಾಗಿ ಬೀಳುವುದು ಕ್ಯಾಪ್ ಚೂರಲ್ಲ, ಆಯಿಲ್ ಕ್ಯಾನ್ ಬಾಯಿಯ ಅಲ್ಯೂಮಿನಿಯಂ ಹಾಳೆ. ಅವಸರದಲ್ಲಿ ಬೆರಳಿನಿಂದ ತೂತು ಮಾಡಿ ಸುರಿಯುತ್ತಾರೆ, ಹರಿದ ಅಂಚು ಆಯಿಲ್ ಜೊತೆಗೇ ಹೋಗುತ್ತದೆ. ಹಾಳೆಯನ್ನು ಪೂರ್ತಿ ಕಿತ್ತು, ಕೈಯಲ್ಲಿ ಹಿಡಿದು ನೋಡಿದ ಮೇಲೇ ಸುರಿಯಿರಿ.

ದಾರಿಯಲ್ಲಿ ಕ್ಯಾಪ್ ಬಿದ್ದುಹೋಗಿದೆ. ಹಾಗೇ ಓಡಿಸಬಹುದೇ?

ಬೇಡ. ಎಂಜಿನ್ 3000 ಆರ್‌ಪಿಎಂನಲ್ಲಿದ್ದಾಗ ಬಾಯಿಯ ಕೆಳಗೇ ಕ್ಯಾಮ್‌ಶಾಫ್ಟ್ ನಿಮಿಷಕ್ಕೆ 1500 ಸುತ್ತು ಸುತ್ತುತ್ತಾ ಎಣ್ಣೆ ಎರಚುತ್ತಿರುತ್ತದೆ. ಸಣ್ಣ ಕಾರಿನಲ್ಲಿ ಇರುವುದೇ ಮೂರರಿಂದ ನಾಲ್ಕು ಲೀಟರ್ ಆಯಿಲ್. ಅದು ಖಾಲಿಯಾಗುವುದಕ್ಕಿಂತ ದೊಡ್ಡ ಅಪಾಯವೆಂದರೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಬೆಂಕಿ ಹತ್ತುವುದು. ಬಟ್ಟೆ ತುರುಕುವ ಉಪಾಯ ಇನ್ನೂ ಕೆಟ್ಟದ್ದು: ಅದು ಒಳಗೆ ಜಾರಿ ಕ್ಯಾಮ್‌ಗೆ ಸುತ್ತಿಕೊಳ್ಳುತ್ತದೆ, ಎಣ್ಣೆ ಹೀರಿದ ಬಟ್ಟೆ ಬತ್ತಿಯ ಕೆಲಸವನ್ನೂ ಮಾಡುತ್ತದೆ.

ನಿಲ್ಲಿಸಿ, ಮೊದಲು ಬಾನೆಟ್ ಒಳಗೇ ಹುಡುಕಿ. ಬ್ಯಾಟರಿ ಪಕ್ಕ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಮುಂದಿನ ಗಾಜಿನ ಬುಡದ ತೋಡು ಇವುಗಳಲ್ಲಿ ಎಷ್ಟೋ ಬಾರಿ ಸಿಗುತ್ತದೆ. ಸಿಗದಿದ್ದರೆ ಹತ್ತಿರದ ಅಂಗಡಿಯಿಂದ ಕ್ಯಾಪ್ ತರಿಸಿ. ಹಾಕಿದ ಮೇಲೆ ಚೆಲ್ಲಿದ ಎಣ್ಣೆ ಒರೆಸಿ, ಡಿಪ್‌ಸ್ಟಿಕ್ ನೋಡಿ. ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸಾಮಾನ್ಯವಾಗಿ ಸುಮಾರು ಒಂದು ಲೀಟರ್ ವ್ಯತ್ಯಾಸ, ಕಾಲು ಕಾಲು ಲೀಟರ್ ಆಗಿ ತುಂಬಿ. ಹೆಚ್ಚಾದರೂ ತೊಂದರೆಯೇ: ಆಯಿಲ್ ನೊರೆಗಟ್ಟುತ್ತದೆ, ಪಿಸಿವಿ ಮೂಲಕ ಇನ್‌ಟೇಕ್‌ಗೆ ಹೋಗಿ ಹೊಗೆ ಬರುತ್ತದೆ.

ಓಡುತ್ತಿರುವ ಎಂಜಿನ್‌ನ ಕ್ಯಾಪ್ ತೆಗೆದು ಪರೀಕ್ಷೆ ಮಾಡುತ್ತಾರಲ್ಲ, ಅದು ಸರಿಯೇ?

ಹಳೆ ಕಾರು ನೋಡುವಾಗ ಮೆಕ್ಯಾನಿಕ್‌ಗಳು ಐಡ್ಲಿಂಗ್‌ನಲ್ಲಿ ಕ್ಯಾಪ್ ತಿರುಗಿಸಿ ಬಾಯಿಯ ಮೇಲೆ ಸುಮ್ಮನೆ ಇಡುತ್ತಾರೆ. ಅದು ಕುಣಿದು ಹಾರಿಬಿದ್ದರೆ, ಹೊಗೆ ಪುಸುಪುಸು ಬಂದರೆ ರಿಂಗ್ ಸವೆದಿರುವ ಅನುಮಾನ. ಡೀಸೆಲ್‌ನಲ್ಲಿ ತುಸು ಹೊಗೆ, ತುಸು ಅಲುಗಾಟ ಸಹಜ. ಇದೊಂದನ್ನೇ ನಂಬಿ ಎಂಜಿನ್ ಹೋಗಿದೆ ಎನ್ನುವುದು ತಪ್ಪು, ಪಿಸಿವಿ ಕಟ್ಟಿದ್ದರೂ ಹೀಗೇ ಆಗುತ್ತದೆ. ಕಂಪ್ರೆಷನ್ ಅಳೆಸಿ ನೋಡಿ. ಇದಕ್ಕೆ ವಿರುದ್ಧವಾಗಿ, ಪೆಟ್ರೋಲ್ ಕಾರಿನಲ್ಲಿ ಕ್ಯಾಪ್ ಎತ್ತಲಾಗದಷ್ಟು ಬಲವಾಗಿ ಒಳಗೆ ಎಳೆಯುತ್ತಿದ್ದು ಸಿಳ್ಳೆ ಸದ್ದು ಬಂದರೆ ಪಿಸಿವಿಯ ಡಯಾಫ್ರಂ ಹರಿದಿರಬಹುದು. ಪರೀಕ್ಷೆ ಮಾಡುವಾಗ ಸಡಿಲ ತೋಳಿನ ಬಟ್ಟೆ ಬೇಡ, ಮುಖ ದೂರವಿರಲಿ.

ಆಯಿಲ್ ಬಾಯಿಗೆ ತಪ್ಪಿ ನೀರು ಅಥವಾ ಕೂಲೆಂಟ್ ಸುರಿದೆ.

ಸ್ಟಾರ್ಟ್ ಮಾಡದಿದ್ದರೆ ಅರ್ಧ ಬಚಾವು. ನೀರು ಆಯಿಲ್‌ಗಿಂತ ಭಾರ, ಚೇಂಬರ್ ತಳದಲ್ಲಿ ಕೂತಿರುತ್ತದೆ. ಕಾರನ್ನು ಟೋ ಮಾಡಿಸಿ, ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ. ಡೀಸೆಲ್ ಕಾರುಗಳ ಹೊಗೆ ಶುದ್ಧಿಗೆ ಬೇರೆ ಟ್ಯಾಂಕ್‌ಗೆ ಹಾಕುವ ಆಡ್‌ಬ್ಲೂ ತಪ್ಪಿ ಹಾಕಿದರೂ ಇದೇ ಕ್ರಮ.

ಬಣ್ಣದ ಅಲ್ಯೂಮಿನಿಯಂ ಕ್ಯಾಪ್, ಬ್ರೀದರ್ ಫಿಲ್ಟರ್ ಹಾಕಿಸಬಹುದೇ?

ಅಲ್ಯೂಮಿನಿಯಂ ಕ್ಯಾಪ್‌ನಿಂದ ಲಾಭವಿಲ್ಲ, ಕೈ ಸುಡುತ್ತದೆ, ಪ್ಲಾಸ್ಟಿಕ್ ಟ್ಯಾಪೆಟ್ ಕವರ್‌ನ ಮರೆಯನ್ನು ಸವೆಸುತ್ತದೆ. ಕ್ಯಾಪ್ ಜಾಗದಲ್ಲಿ ಬ್ರೀದರ್ ಹಾಕುವುದಂತೂ ಮುಚ್ಚಿದ ವ್ಯವಸ್ಥೆಯನ್ನು ತೆರೆದಿಟ್ಟಂತೆ. ಅಳತೆ ಮಾಡದ ಗಾಳಿ ಒಳಗೆ, ಹೊಗೆ ಹೊರಗೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಕಾರುಗಳಲ್ಲಿ ಚೆಕ್ ಎಂಜಿನ್ ದೀಪ ಹತ್ತಿಸಿಕೊಳ್ಳಲು ಇದೊಂದೇ ಸಾಕು.

ಹೈಬ್ರಿಡ್ ಕಾರಿನಲ್ಲಿ ಬೇರೆ ಎಚ್ಚರಿಕೆ ಬೇಕೇ?

ಬೇಕು. ಕಾರು ರೆಡಿ ಸ್ಥಿತಿಯಲ್ಲಿದ್ದರೆ ನಿಶ್ಶಬ್ದವಾಗಿರುವ ಎಂಜಿನ್ ಯಾವ ಕ್ಷಣದಲ್ಲಾದರೂ ತಾನೇ ಸ್ಟಾರ್ಟ್ ಆಗುತ್ತದೆ. ಪವರ್ ಬಟನ್ ಆಫ್ ಮಾಡಿ, ಕೀ ದೂರ ಇಟ್ಟು, ಆಮೇಲೆ ಬಾನೆಟ್ ಎತ್ತಿ. ನಗರದಲ್ಲಿ ಎಂಜಿನ್ ಕಡಿಮೆ ಓಡುವುದರಿಂದ ತೇವದ ಜಿಡ್ಡೂ ಇವುಗಳಲ್ಲಿ ಹೆಚ್ಚು.

ಎಷ್ಟು ದಿನಕ್ಕೊಮ್ಮೆ ನೋಡಬೇಕು, ಯಾವಾಗ ಬದಲಿಸಬೇಕು?

ಇಷ್ಟು ಕಿಲೋಮೀಟರ್‌ಗೆ ಬದಲಿಸಿ ಎಂಬ ಲೆಕ್ಕ ಇದಕ್ಕಿಲ್ಲ. ಡಿಪ್‌ಸ್ಟಿಕ್ ನೋಡುವ ದಿನವೇ ಕ್ಯಾಪ್‌ನ ಒಳ ಬದಿಯನ್ನೂ ನೋಡಿ, ಆಯಿಲ್ ಬದಲಿಸುವಾಗಲೆಲ್ಲ ರಬ್ಬರ್ ಬಿಡಿಸಿ ಪರೀಕ್ಷಿಸಿ. ಸರ್ವೀಸ್ ಸೆಂಟರ್‌ನಿಂದ ಕಾರು ಪಡೆಯುವಾಗ ಗೇಟು ದಾಟುವ ಮೊದಲೇ ಬಾನೆಟ್ ಎತ್ತಿಸಿ, ಕ್ಯಾಪ್ ಇದೆಯೇ, ಪೂರ್ತಿ ತಿರುಗಿ ಕೂತಿದೆಯೇ ಎಂದು ನಿಮ್ಮ ಕೈಯಿಂದಲೇ ನೋಡಿ. ಮನೆಯಲ್ಲಿ ನೀವೇ ಆಯಿಲ್ ಹಾಕುವಾಗ ತೆಗೆದ ಕ್ಯಾಪನ್ನು ಕಾರಿನ ಕೀ ಜೊತೆಗೇ ಇಡಿ, ಕೀ ಎತ್ತಿಕೊಳ್ಳಲು ಹೋದಾಗ ಕ್ಯಾಪ್ ಕಣ್ಣಿಗೆ ಬೀಳುತ್ತದೆ.